ಕೊರಳಿನ ಬಣ್ಣದ ಪುಡಿ

ಮೊನ್ನೆ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಮುಂಗೈ ಮೇಲೆ ಮೂರು ಗೆರೆ ಎಳೆದುಕೊಂಡಿದ್ದಳು. ಮೂರೂ ಬೇರೆ ಬೇರೆ ಸೀಸೆಯವು. ಫೌಂಡೇಶನ್ ಅಂತೆ. ರಾಯಚೂರಿನಲ್ಲಿ ಗೆಳತಿಯ ಮದುವೆ, ಮೇ ತಿಂಗಳು, ಹೊರಗೆ ಕಾಲಿಟ್ಟರೆ ಅಂಗಾಲು ಸುಡುವ ಬಿಸಿಲು. ಒಂದು ಸೀಸೆಯ ಮುಚ್ಚಳ ತೆಗೆದಾಗ ಗುಲಾಬಿ ನೀರಿನ ವಾಸನೆ ಬಂತು. ಅದರ ಹಿಂದೆಯೇ ನೆನೆದ ಮಣ್ಣಿನಂಥ ಇನ್ನೊಂದು ವಾಸನೆ… ನಾನು ಅಕ್ಕಿ ಆರಿಸುವುದನ್ನು ಬಿಟ್ಟು ಆ ಕಡೆ ನೋಡಿದೆ.

"ಇದರಾಗ ಯಾವುದು ಹೊಂದತೈತಿ ಅಜ್ಜಿ?" ಎಂದಳು.

"ಮುಖಕ್ಕ ಹಚ್ಚೋದು ಕೈಮ್ಯಾಲ ಯಾಕ ನೋಡತಿ? ದವಡಿ ಕೆಳಗ ಹಚ್ಚಿಕೊ. ಹಚ್ಚಿಕೊಂಡು ಬಾಗಲಿಗೆ ಹೋಗು."

ಹೇಳಿದ ಮೇಲೆ ನನಗೇ ಹೊಳೆಯಿತು, ಈ ಮಾತು ನನ್ನದಲ್ಲ. ಎಪ್ಪತ್ತು ವರ್ಷಕ್ಕೂ ಹಿಂದೆ ನಾರಾಯಣಪೇಟೆಯ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿಯದು. ಇಷ್ಟು ವರ್ಷ ಅದನ್ನು ನನ್ನದೇ ಬುದ್ಧಿ ಎಂಬಂತೆ ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದಿದ್ದೇನೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ, ಅದೂ ಉರ್ದುವಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಅಪ್ಪ ನೂಲಿನ ಲಡಿಗಳಿಗೆ ಕಟ್ಟುತ್ತಿದ್ದ ಚೀಟಿಗಳನ್ನು ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಕೆ ಮುಸಲ್ಮಾನರಾಕೆ, ನಾವು ಬಳೆಚಾಚಿ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ಎಲುಬಿನ ಮುಖ, ನಡೆದರೆ ಬುಟ್ಟಿಯೊಳಗಿನ ಬಳೆ ಅಲುಗುತ್ತಿರಲಿಲ್ಲ, ಅಷ್ಟು ಸಮ ನಡಿಗೆ. ಬಳೆಗಳ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ನಾಲ್ಕು ಹಿತ್ತಾಳೆ ಡಬ್ಬಿ: ಗಂಧದ ಪುಡಿ, ಮುಲ್ತಾನಿ ಮಿಟ್ಟಿ, ಕಸ್ತೂರಿ ಅರಿಶಿನ, ಇನ್ನು ಗೋಡೆಗೆ ಬಳಿಯುವ ಕೆಂಪು ಜಾಜನ್ನು ಹತ್ತು ಸಲ ಸೋಸಿದ ಪುಡಿ. ಮದುವೆ ಹೆಣ್ಣಿಗೆ ಇವನ್ನೇ ಗುಲಾಬಿ ನೀರಿನಲ್ಲಿ ಕಲಸಿ ಹಚ್ಚುತ್ತಿದ್ದಳು. ನಾಟಕದವರು ಹಚ್ಚುವ ಬಿಳಿ ಸಫೇದವನ್ನು ಆಕೆ ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲಿ ಎಣ್ಣೆಯನ್ನೂ ಮುಟ್ಟುತ್ತಿರಲಿಲ್ಲ. ಎಣ್ಣೆ ಹಾಕಿದರೆ ಮಧ್ಯಾಹ್ನಕ್ಕೆ ಮುಖ ಜಾರಿ ಕೊರಳಿಗೆ ಬರುತ್ತದೆ ಎನ್ನುತ್ತಿದ್ದಳು. ಊರಿನಲ್ಲಿ ಬಳೆ ಮಾರುವವರು ಇನ್ನೂ ಇದ್ದರು. ಮುಖ ಓದುವವಳು ಮಾತ್ರ ಇವಳೊಬ್ಬಳೇ.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಹಿತ್ತಲಲ್ಲಿ ಬಣ್ಣದ ಹಂಡೆಗಳು, ಅಂಗಳದ ತುಂಬ ಬಿದಿರು ಗಳಗಳ ಮೇಲೆ ಒಣಗುವ ಲಡಿಗಳು. ಅವನ್ನು ತಿರುವಿ ಹಾಕುವ ಕೆಲಸ ಅಕ್ಕನದು ಮತ್ತು ನನ್ನದು. ಅಕ್ಕ ಕಪ್ಪು, ನಾನೂ ಕಪ್ಪು. ಮೇಲಿಂದ ಬಿಸಿಲಿಗೆ ಮೂಗು, ಕೆನ್ನೆ, ಹಣೆ ಸುಟ್ಟು ತೇಪೆ ತೇಪೆಯಾಗಿರುತ್ತಿದ್ದವು. ಅಪ್ಪ ಬಣ್ಣದ ವಿಷಯದಲ್ಲಿ ಬಹಳ ಬಿಗಿ ಮನುಷ್ಯ. ಒದ್ದೆ ನೂಲು ಎಂದೂ ನಂಬಬಾರದು, ಒಣಗಿದ ಮೇಲೆ ಬಣ್ಣ ಇಳಿಯುತ್ತದೆ ಎನ್ನುತ್ತಿದ್ದ. ಯಾವ ಲಡಿಯನ್ನೂ ಮನೆಯೊಳಗೆ ನೋಡಿ ಒಪ್ಪುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಒಂದು ಮಣೆ ಹಾಕಿಕೊಂಡು, ಅಲ್ಲಿಯ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಚೀಟಿ ಕಟ್ಟುತ್ತಿದ್ದ.

ಹಿಂದುಸ್ತಾನದ ಸೈನ್ಯ ಬಂದು ಪೋಲೀಸ್ ಆಕ್ಷನ್ ಆದದ್ದು ನನಗೆ ಹದಿನಾಲ್ಕು ತುಂಬಿದ ವರ್ಷ. ಅದಕ್ಕೂ ಮೊದಲು ನಿಜಾಮನ ಪರ ನಿಂತ ರಜಾಕಾರರ ಗದ್ದಲ, ಹಗಲೆಲ್ಲ ಬಾಗಿಲು ಹಾಕಿಕೊಂಡೇ ಇರುತ್ತಿದ್ದೆವು. ಐದು ದಿನದಲ್ಲಿ ಎಲ್ಲ ಮುಗಿಯಿತು, ನಿಜಾಮ ಒಪ್ಪಿಕೊಂಡ ಎಂದು ದೊಡ್ಡವರು ಹೇಳಿದರು. ಓಣಿಗಳಲ್ಲಿ ಅದು ಐದು ದಿನಕ್ಕೆ ಮುಗಿಯಲಿಲ್ಲ. ಹೆದರಿದ್ದವರು ಹೆದರಿಸುವವರಾದರು, ಹೆದರಿಸಿದವರ ಲೆಕ್ಕದಲ್ಲಿ ಏನೂ ಮಾಡದವರೂ ಸೇರಿಹೋದರು.

ಆ ವಾರದಲ್ಲೇ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಬಳೆಚಾಚಿ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಕೆ ಕೂಗಲಿಲ್ಲ, ಅಳಲಿಲ್ಲ. "ಅವ್ವಾ" ಎಂದು ಒಂದೇ ಸಲ ಕರೆದಳು. ನಮ್ಮವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಳು:

"ಮನ್ಯಾಗ ಯಾರಿಲ್ಲ."

ಮನೆಯಲ್ಲಿ ಯಾರೂ ಇಲ್ಲ ಎಂದು ಮನೆಯೊಳಗಿನಿಂದಲೇ ಹೇಳಿದಳು. ಹೊರಗಿದ್ದವಳು ತುಸು ಹೊತ್ತು ನಿಂತು ಹೋದಳು. ನಾವು ಆಕೆಯನ್ನು ಬಚ್ಚಿಟ್ಟು ಕಾಪಾಡಿದೆವು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಹಾಗೆ ಆಗಲಿಲ್ಲ. ಅವ್ವನದೇ ತಪ್ಪು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಆದರೆ ಅಗಳಿ ನನ್ನ ಕೈಗೂ ಎಟುಕುತ್ತಿತ್ತು.

ಚಳಿಗಾಲಕ್ಕೆ ಆಕೆ ಮತ್ತೆ ಓಣಿಯಲ್ಲಿ ಕಾಣಿಸಿಕೊಂಡಳು. ಅದೇ ಬುಟ್ಟಿ, ಅದೇ ನಡಿಗೆ. ಮೊದಲು ಮೊಳಕೈವರೆಗೆ ಬಳೆ ಇರುತ್ತಿದ್ದವು, ಈಗ ಎರಡೂ ಕೈ ಬರಿದು. ಬಳೆ ಮಾರುವವಳ ಬರಿಗೈ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಯಾರೂ ಕೇಳಲೂ ಇಲ್ಲ. ಯಾರೂ ಕರೆಯಲೂ ಇಲ್ಲ. ಆಕೆ ಓಣಿಯ ಈ ತುದಿಯಿಂದ ಆ ತುದಿಗೆ "ಬಳೀ" ಎಂದು ಕೂಗುತ್ತ ಹೋಗುವಳು, ಬಾಗಿಲಲ್ಲಿ ನಿಂತ ಹೆಂಗಸರು ಒಳಗೆ ಸರಿಯುವರು. ಕೆಲವರಿಗೆ ಜನ ಏನಂದಾರು ಎಂಬ ಹೆದರಿಕೆ. ಕೆಲವರಿಗೆ ಗಂಡನಿಲ್ಲದವಳ ಕೈಯಿಂದ ಬಳೆ ಇಡಿಸಿಕೊಳ್ಳುವುದು ಹೇಗೆ ಎಂಬ ಮಾತು. ನಮ್ಮಂಥ ಕೆಲವರಿಗೆ ನಾಚಿಕೆ. ಮತ್ತೆ ಎರಡು ದಿನ ಬಿಟ್ಟು ಆಕೆ ಬರುವಳು, ಅದೇ ದನಿಯಲ್ಲಿ ಕೂಗುವಳು. ಆಕೆಗೆ ಗೊತ್ತಿದ್ದ ಕೆಲಸ ಇದೊಂದೇ. ಮನೆಗಳ ಒಳಗೆ ಹೋಗದೆ ಆಗುವ ಕೆಲಸವೂ ಅಲ್ಲ ಅದು.

ಮುಂದಿನ ಬೇಸಿಗೆಯಲ್ಲಿ ಮಕ್ತಲ್‌ನಿಂದ ಅಕ್ಕನನ್ನು ನೋಡಲು ಬಂದರು. ಬಳೆಚಾಚಿಯನ್ನು ಕರೆಯುವಂತಿರಲಿಲ್ಲವಲ್ಲ, ಅವ್ವ ಅಂಗಡಿಯಿಂದ ಒಂದು ಡಬ್ಬಿ ಪೌಡರ್ ತರಿಸಿದಳು. ಸುಣ್ಣದಷ್ಟು ಬಿಳುಪು, ಅದರಲ್ಲಿ ಚೂರು ಗುಲಾಬಿ. ಒಳಗಿನ ಕೋಣೆಯಲ್ಲಿ ಕಂದೀಲು ಹಚ್ಚಿಕೊಂಡು ಅಕ್ಕನ ಮುಖಕ್ಕೆ ಬಳಿದಳು. ಆ ಹೊಗೆ ಹಿಡಿದ ಕೋಣೆಯಲ್ಲಿ ಅಕ್ಕ ನಿಜವಾಗಿ ಚೆನ್ನಾಗಿ ಕಂಡಳು. ಅಪ್ಪನೂ ಇಣುಕಿ ನೋಡಿ ತಲೆಯಾಡಿಸಿದ. ಅಂಗಳದ ಚಪ್ಪರಕ್ಕೆ ಬಂದು ಕುಳಿತ ಮೇಲೆ ಗೊತ್ತಾಯಿತು. ಹಗಲ ಬೆಳಕಿಗೆ ಮುಖ ಬೂದಿ ಬಣ್ಣ, ಕೊರಳು ಕಪ್ಪು. ಪಾನಕ ಕೊಡುವಷ್ಟರಲ್ಲಿ ಬೆವರು ಇಳಿದು ಗೆರೆ ಗೆರೆ. ನಮ್ಮ ಕಡೆ ಹುಡುಗನ ಮನೆಯ ಹಿರಿಯ ಹೆಂಗಸು ಒದ್ದೆ ಸೆರಗಿನ ತುದಿಯಿಂದ ಕನ್ಯೆಯ ಕೆನ್ನೆ ಒರೆಸಿ ನೋಡುವ ರೂಢಿ ಇತ್ತು. ಮಕ್ತಲ್‌ನವರು ಒರೆಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ಗ್ವಾಡಿಗೆ ಸುಣ್ಣಾ ಬಳದು ಮನಿ ತೋರ್ಸಿದಂಗಾತು" ಎಂದು ಒಬ್ಬಾಕೆ ಎದ್ದಳು. ಪಾನಕ ಹಾಗೇ ಉಳಿಯಿತು. ಅಕ್ಕ ಆ ದಿನ ಮುಖವನ್ನು ತಿಕ್ಕಿ ತಿಕ್ಕಿ ತೊಳೆದಳು, ಪೌಡರ್ ಹೋದ ಮೇಲೂ ತಿಕ್ಕುತ್ತಿದ್ದಳು. ಸುದ್ದಿ ಮಕ್ತಲ್‌ನಿಂದ ಸುತ್ತಲ ಊರಿಗೆ ಹೋಯಿತು. ವರ್ಷವಿಡೀ ಯಾರೂ ನಮ್ಮ ಮನೆಗೆ ಬರಲಿಲ್ಲ. ಕಡೆಗೆ ರಾಜೋಳಿಯ ಒಬ್ಬರಿಗೆ ಎರಡನೆಯ ಸಂಬಂಧವೆಂದು ಅಕ್ಕನನ್ನು ಕೊಡುವ ಮಾತಾಯಿತು.

ಅದರ ಮರುಬೇಸಿಗೆ ಗದ್ವಾಲದಿಂದ ನನಗೆ ಸಂಬಂಧ ಬಂತು. ಇನ್ನೊಮ್ಮೆ ಹಾಗಾದರೆ ಆ ಮನೆಯ ಹೆಣ್ಣುಮಕ್ಕಳ ಮುಖವೇ ಸುಳ್ಳು ಎಂಬ ಹೆಸರು ಊರಿಡೀ ಗಟ್ಟಿಯಾಗುತ್ತಿತ್ತು. ಅವ್ವ ಊಟ ಬಿಟ್ಟಳು. ಅಕ್ಕ ಮಾತ್ರ ನೇರ ಹೇಳಿದಳು, "ಬಳೆಚಾಚೀನ ಕರಿ. ನನಗಾದದ್ದು ಸಾಕು."

ಅವ್ವ ಎರಡು ದಿನ ಬಾಗಿಲಿಗೆ ಹೋಗಿ ಹೋಗಿ ತಿರುಗಿ ಬಂದಳು. ಮೂರನೆಯ ದಿನ "ಬಳೀ" ಎಂಬ ಕೂಗು ಕೇಳಿದಾಗ ತಾನೇ ಹೋಗಿ ಬಾಗಿಲು ತೆಗೆದು ನಿಂತಳು. ಕೈ ಮಾಡಿ ಕರೆದಳು. ಬಳೆಚಾಚಿ ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಒಳಗೆ ಬಾ ಎನ್ನುವವರೆಗೂ ಬರಲಿಲ್ಲ.

ಹೊಸ್ತಿಲಲ್ಲಿ ಅಪ್ಪ ಮಣೆಯ ಮೇಲೆ ಲಡಿ ನೋಡುತ್ತ ಕುಳಿತಿದ್ದ. ಎದ್ದು ದಾರಿ ಬಿಡಲಿಲ್ಲ. ದಿನಮಾನ ಸರಿಯಿಲ್ಲ, ಗದ್ವಾಲದವರಿಗೆ ತಿಳಿದರೆ ಏನೆಂದುಕೊಂಡಾರು, ಮೇಲಾಗಿ ಶುಭದ ಕೆಲಸ ಎಂದೆಲ್ಲ ಲಡಿಯನ್ನು ನೋಡುತ್ತಲೇ ಹೇಳಿದ. ಆಕೆಯ ಬರಿಗೈಯ ಮಾತು ಬಾಯಿ ಬಿಟ್ಟು ಆಡಲಿಲ್ಲ, ಅಷ್ಟೇ. ಬಳೆಚಾಚಿ ಎಲ್ಲ ಕೇಳಿಸಿಕೊಂಡಳು.

"ಅಣ್ಣಾ, ನಿಮ್ಮ ನೂಲು ಎಲ್ಲಿ ಹಿಡದು ನೋಡತೀರಿ?"

"ಇಲ್ಲೇ. ಹೊಸ್ತಲದಾಗ."

"ನೂಲು ಹೊಸ್ತಲದಾಗ ನೋಡತೀರಿ. ದೊಡ್ಡ ಮಗಳ ಮುಖ ಯಾಕ ಕತ್ತಲದಾಗ ನೋಡಿದ್ರಿ?"

ಅಪ್ಪನ ಕಸುಬಿನ ಮಾತನ್ನು ಅವನಿಗೇ ತಿರುಗಿಸಿ ಕೊಟ್ಟಿದ್ದಳು. ಅಪ್ಪ ಎದ್ದು ಮಣೆಯನ್ನು ಕಾಲಿನಿಂದ ಸರಿಸಿ, ಕೂಡು ಎಂಬಂತೆ ಬಿಟ್ಟು ಹಿತ್ತಲಿಗೆ ಹೋದ. ಆ ಮಣೆಯ ಮೇಲೆ ಅಪ್ಪನ ಹೊರತು ಬೇರೆ ಯಾರೂ ಕುಳಿತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವ್ವ ಆಕೆಯ ಎದುರು ಕುಳಿತು ಸೆರಗು ಹಿಂಡುತ್ತ ಶುರು ಮಾಡಿದಳು. ಅವತ್ತು ನೀ ಬಂದಾಗ… ಎಂದಳು. ಬಳೆಚಾಚಿ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ, "ಕಣ್ಣ ಮುಚ್ಚು ಬೇಟಿ, ಪುಡಿ ಬೀಳತೈತಿ" ಎಂದಳು. ಡಬ್ಬಿಯನ್ನು ಆಕೆ ಇನ್ನೂ ತೆರೆದಿರಲಿಲ್ಲ. ಅವ್ವನ ಮಾತು ಅಲ್ಲಿಗೇ ನಿಂತಿತು. ಮುಂದೆ ಎಂದೂ ಅದು ಮುಂದುವರಿಯಲಿಲ್ಲ.

ಮೊದಲು ಆಕೆ ನನ್ನ ಮುಖವನ್ನು ನೋಡಲೇ ಇಲ್ಲ. ಕೊರಳು ನೋಡಿದಳು, ದವಡೆಯ ಕೆಳಗೆ ಬೆರಳಿಟ್ಟು ನೋಡಿದಳು. ಕೈ ಮುಂದೆ ಮಾಡಿದರೆ ಸರಿಸಿಬಿಟ್ಟಳು. ಕೈ ಬಿಸಿಲು, ಬೂದಿ, ಬಣ್ಣ ಎಲ್ಲ ತಿಂದಿರುತ್ತದೆ, ಅದರ ಮಾತು ಕೇಳಬಾರದು ಎಂದಳು. ಅವ್ವ ಹೆದರುತ್ತ ಹೆದರುತ್ತ ಎರಡು ಪಾಲು ಬೆಳ್ಳಗಾಗಲಿ ಎಂದು ಕೇಳಿದಳು.

"ಬೆಳ್ಳಗ ಮಾಡಾಕ ನಾ ಸುಣ್ಣದಾಕಿ ಅಲ್ಲವ್ವ. ಹುಡಿಗಿ ಬಣ್ಣ ಕೊರಳಾಗ ಐತಿ, ಮುಖ ಬಿಸಲಿಗೆ ದಾರಿ ತಪ್ಪೈತಿ. ತಂದು ಮುಟ್ಟಸ್ತೀನಿ, ಅಷ್ಟ ನನ್ನ ಕೆಲಸ."

ಹದಿನೈದು ದಿನ ಅಂಗಳಕ್ಕೆ ಇಳಿಯಬೇಡ ಎಂದಳು. ಲಡಿ ತಿರುವುವ ಕೆಲಸವನ್ನು ಅಕ್ಕ ತಾನೊಬ್ಬಳೇ ಮಾಡಿದಳು. ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿದ ಮುಲ್ತಾನಿ ಮಿಟ್ಟಿ, ತಣ್ಣೀರಿನಲ್ಲಿ ತೊಳೆಯುವುದು, ಒರಟು ಬಟ್ಟೆ ಮುಟ್ಟಿಸುವಂತಿಲ್ಲ. ಆಮೇಲೆ ಬಣ್ಣ ಕೂಡಿಸಲು ಕುಳಿತಳು. ಗಂಧದ ಪುಡಿಗೆ ಜಾಜು, ಚಿಟಿಕೆ ಅರಿಶಿನ. ಕಲಸುವುದು, ದವಡೆಯ ಕೆಳಗೆ ಉಗುರಷ್ಟು ಹಚ್ಚುವುದು, ಬಾಗಿಲಿಗೆ ನಿಲ್ಲಿಸಿ ಒಣಗುವವರೆಗೆ ಕಾಯುವುದು. ಒದ್ದೆಯಿದ್ದಾಗ ಸರಿ ಎನಿಸಿದ್ದು ಒಣಗಿದಾಗ ಬೂದಿಯಾಗುತ್ತಿತ್ತು. ಒರೆಸಿ ಮತ್ತೆ ಕಲಸುವಳು. ಗದ್ವಾಲದವರು ಬರುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡು ಅದೇ ಹೊತ್ತಿನ ಬೆಳಕಿಗೇ ನೋಡುತ್ತಿದ್ದಳು. ಏಳನೆಯ ಸಲವೋ ಎಂಟನೆಯ ಸಲವೋ ಕಲಸಿ ಹಚ್ಚಿದಾಗ ಅಕ್ಕ ಬಗ್ಗಿ ನೋಡಿ, ಎಲ್ಲಿ ಹಚ್ಚಿದಿ ಎಂದು ಕೇಳಿದಳು. "ಹಾಂ, ಇದು" ಎಂದಳು ಬಳೆಚಾಚಿ. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, ಆಕೆ ಜಾಜು ಎಷ್ಟು ಹಾಕಿದಳೆಂದು ಆಮೇಲೆ ನನ್ನನ್ನು ಗುಟ್ಟಾಗಿ ಕೇಳಿದ.

ಅಷ್ಟಕ್ಕೇ ಆಕೆ ಒಪ್ಪಲಿಲ್ಲ. ಮುಖಕ್ಕೆಲ್ಲ ತೆಳ್ಳಗೆ ಹಚ್ಚಿ ನನ್ನನ್ನು ಒಲೆಯ ಮುಂದೆ ಕೂಡಿಸಿ ಮೂರು ಜೋಳದ ರೊಟ್ಟಿ ಬಡಿ ಎಂದಳು. ಬೇಸಿಗೆಯ ಮಧ್ಯಾಹ್ನ, ಒಲೆಯ ಉರಿ. ಮೂರನೆಯ ರೊಟ್ಟಿ ಹೆಂಚಿನ ಮೇಲಿದ್ದಾಗ ಬಂದು ಮುಖ ನೋಡಿದಳು. ಮೂಗಿನ ಪಕ್ಕ ಬಿರುಕು ಬಿಟ್ಟಿತ್ತು. ದಪ್ಪ ಆಗಿದೆ, ಅರ್ಧ ಸಾಕು, ಹಣೆಗೆ ಬೇಡವೇ ಬೇಡ ಎಂದು ಮರುದಿನ ಮತ್ತೆ ಮೂರು ರೊಟ್ಟಿ ಬಡಿಯಲು ಹಚ್ಚಿದಳು. ಆ ರೊಟ್ಟಿಗಳನ್ನು ತಿನ್ನುತ್ತ ಅಪ್ಪ, "ಕನ್ಯಾ ನೋಡಾಕ ಬರೋರು ಒಂದ ತಾಸು ಇರತಾರ, ನಮಗ ವಾರದ ರೊಟ್ಟಿ ಆದವು" ಎಂದ. ಬಳೆಚಾಚಿ ನಕ್ಕಳು. ಆ ವರ್ಷಗಳಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗದ್ವಾಲದವರು ಬಂದರು. ಹುಡುಗನ ಸೋದರತ್ತೆ ಮುಂದಾಳು. ದಪ್ಪ ಹೆಂಗಸು, ದೊಡ್ಡ ದನಿ. ಅವ್ವ ಬಳೆಚಾಚಿಯನ್ನು ಹಿತ್ತಲಲ್ಲಿ ಹಂಡೆಗಳ ಹಿಂದೆ ಕೂಡಿಸಿ, ಕರೆಯುವವರೆಗೆ ಬರಬೇಡ ಎಂದಿದ್ದಳು. ನನ್ನನ್ನು ಚಪ್ಪರದ ಕೆಳಗೆ ಕೂಡಿಸಿದರು. ಬೆವರು ಇಳಿಯುತ್ತಿತ್ತು, ಬಣ್ಣ ಇಳಿಯಲಿಲ್ಲ. ಸೋದರತ್ತೆ ಸೆರಗಿನ ತುದಿಯನ್ನು ತಂಬಿಗೆಯಲ್ಲಿ ಅದ್ದಿ ನನ್ನ ಕೆನ್ನೆ ಒರೆಸಿದರು. ಬಟ್ಟೆಗೆ ಕೆಂಪು ಮಣ್ಣಿನ ಬಣ್ಣ ಹತ್ತಿತು. ಅವ್ವ ಕಣ್ಣು ಮುಚ್ಚಿಕೊಂಡಳು. ಅವರು ಬಟ್ಟೆ ನೋಡಿದರು, ಕೆನ್ನೆ ನೋಡಿದರು, ಕೊರಳು ನೋಡಿದರು, ಮತ್ತೆ ಕೆನ್ನೆ ನೋಡಿದರು.

"ಬಣ್ಣ ಬಂತು," ಎಂದರು. "ಮುಖ ಮಾತ್ರ ಅದ ಐತಿ. ಯಾರು ಹಚ್ಯಾರ ಇದನ್ನ? ಕರೀರಿ."

ಅವ್ವನ ಬಾಯಿಂದ ಬಂದದ್ದು ಇಷ್ಟೇ: "ಮನ್ಯಾಗ ಯಾರಿಲ್ಲರಿ. ನಾವ ಹಚ್ಚೀವಿ."

ಕನ್ಯೆಯಾಗಿ ಕುಳಿತವಳು ಹೆಸರು ಕೇಳಿದರೆ ಹೆಸರು ಹೇಳಬೇಕು, ಅಷ್ಟೇ. ಬೇರೆ ಬಾಯಿ ಬಿಟ್ಟರೆ ಸಂಬಂಧ ಮುರಿದಂತೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಮಾತನ್ನು ನಾನು ಹಿಂದೊಮ್ಮೆ ಬಾಗಿಲ ಈ ಕಡೆ ನಿಂತು ಕೇಳಿದ್ದೆ.

"ಅದಾಳ್ರಿ," ಎಂದೆ. "ಬಳೆಚಾಚಿ. ಹಿತ್ತಲದಾಗ ಕುಂತಾಳ."

ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. ಸೋದರತ್ತೆ ನನ್ನನ್ನೇ ನೋಡಿ, ಆಮೇಲೆ ಅವ್ವನ ಕಡೆ ತಿರುಗಿ, "ಹುಡಿಗಿಗೆ ಬಾಯಿ ಐತಿ" ಎಂದರು. ಹೊಗಳಿಕೆಯೋ ತೆಗಳಿಕೆಯೋ ಯಾರಿಗೂ ತಿಳಿಯಲಿಲ್ಲ. "ಇರಲಿ. ನಮ್ಮನ್ಯಾಗ ಎಲ್ಲಾರೂ ಮೂಕ ಬಸವಣ್ಣಗಳ ಅದಾರ. ಕರೀರಿ ಆಕೀನ."

ಅಕ್ಕ ಓಡಿಹೋಗಿ ಕರೆತಂದಳು. ಬಳೆಚಾಚಿ ಬಂದು ಚಪ್ಪರದ ಕಂಬದ ಹತ್ತಿರ ನಿಂತಳು. ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಸೋದರತ್ತೆ ಹೆಸರೇನು ಎಂದು ಕೇಳಿದರು. ಆಕೆ ತಡೆದು, "ಬಳೆಗಾರ್ತಿ ಅನ್ರಿ, ಸಾಕು" ಎಂದಳು. ಆ ದಿನಗಳಲ್ಲಿ ನಾಲ್ಕು ಜನರ ಮುಂದೆ ಹೆಸರು ಹೇಳಿದರೆ ಅದು ನಮ್ಮ ಮನೆಗೆ ತೊಂದರೆ ಆದೀತು ಎಂದು ಆಕೆ ಎಣಿಸಿದ್ದಳು. ತನ್ನ ಸಲುವಾಗಿ ಅಲ್ಲ. ಹಿತ್ತಲಲ್ಲಿ ಬಚ್ಚಿಟ್ಟವರ ಸಲುವಾಗಿ!

ಸೋದರತ್ತೆಯ ಕಣ್ಣು ಆಕೆಯ ಬರಿಗೈ ಮೇಲೆ ನಿಂತಿತು. ತಮ್ಮ ದಪ್ಪ ಕೈಯನ್ನು ಮುಂದೆ ಚಾಚಿದರು.

"ಮೊದಲು ನನಗ ಹಾಕು, ಹಸರ ಬಳಿ. ಆಮ್ಯಾಗ ಹುಡಿಗಿಗೆ. ಇದ್ದ ಕೈಯಳತಿ ನೋಡಿ ಹಾಕವ್ವ, ಊರಾಗಿನ ಬಳೆಗಾರರೆಲ್ಲ ನನ್ನ ಕೈ ಕೆತ್ಯಾರ."

ಬಳೆಚಾಚಿ ನೆಲಕ್ಕೆ ಕುಳಿತು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹಿಸುಕಿ ಹಿಸುಕಿ ಮೆತ್ತಗೆ ಮಾಡಿ ಹನ್ನೆರಡು ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ. ಆಮೇಲೆ ನನಗೆ ಹಾಕಿದಳು. ಗದ್ವಾಲದವರು ಪಾನಕ ಕುಡಿದು, ಎರಡನೆಯ ಸಲ ಕೇಳಿ ಕುಡಿದು ಹೋದರು.

ಮರುದಿನ "ಬಳೀ" ಎಂಬ ಕೂಗು ಕೇಳಿದಾಗ ನಮ್ಮ ಓಣಿಯಲ್ಲಿ ಮೂರು ಬಾಗಿಲು ತೆರೆದವು. ಮೂರೇ. ಎಲ್ಲ ಬಾಗಿಲೂ ತೆರೆದವು ಎಂದು ಹೇಳಲಾರೆ. ಆಕೆಗೆ ಮೂರೂ ಸಾಕಾದವು, ಉಳಿದವನ್ನು ಒಂದೊಂದಾಗಿ ಆಕೆಯೇ ತೆರೆಸಿಕೊಂಡಳು. ರಾಜೋಳಿಗೆ ಹೋಗುವಾಗ ಅಕ್ಕನ ಮುಖಕ್ಕೂ ಆಕೆಯೇ ಹಚ್ಚಿದಳು. ಅಕ್ಕ ಕನ್ನಡಿಯಲ್ಲಿ ನೋಡಿಕೊಂಡು, ಎರಡು ವರ್ಷ ಮೊದಲು ಕರೆದಿದ್ದರೆ… ಎಂದು ಅಷ್ಟಕ್ಕೇ ಬಿಟ್ಟಳು.

ಮದುವೆಯಾಗಿ ಗದ್ವಾಲಕ್ಕೆ ಬಂದ ಮೇಲೆ ನಾನು ಆಕೆಯನ್ನು ನೋಡಿದ್ದು ನಾಲ್ಕೈದು ಸಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದಾಗ ಮಗುವಿನ ಕೈಗೆ ಕರಿಮಣಿ ಕಟ್ಟಿ, ಇದೂ ನಿನ್ನ ಬಣ್ಣವೇ, ಯಾರಾದರೂ ತಿಕ್ಕಲು ಬಂದರೆ ಕೊಡಬೇಡ ಎಂದಳು. ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದ ವರ್ಷ ತವರಿಗೆ ಹೋದರೆ ಆಕೆ ಇರಲಿಲ್ಲ. ತಂಗಿಯ ಮನೆಗೆ ರಾಯಚೂರಿಗೆ ಹೋದಳು ಎಂದು ಕೆಲವರು, ಕಲಬುರ್ಗಿಗೆ ಎಂದು ಕೆಲವರು. ರಾಯಚೂರು ಆ ಕಡೆ, ಕನ್ನಡದ ರಾಜ್ಯಕ್ಕೆ ಹೋಗಿತ್ತು, ನಾವು ಈ ಕಡೆ, ತೆಲುಗಿನವರ ರಾಜ್ಯದಲ್ಲಿ ಉಳಿದಿದ್ದೆವು. ಬಸ್ಸಿನಲ್ಲಿ ಕುಳಿತರೆ ದೂರವೇನಲ್ಲ. ಮಕ್ಕಳು, ಮನೆ ಎಂದು ಹೋಗಲಿಲ್ಲ. ಹುಡುಕಲಿಲ್ಲ ಎನ್ನುವುದೇ ಸರಿಯಾದ ಮಾತು.

ಮೊಮ್ಮಗಳು ಮೂರೂ ಸೀಸೆಯನ್ನು ದವಡೆಯ ಕೆಳಗೆ ಹಚ್ಚಿಕೊಂಡು ಕನ್ನಡಿ ಹಿಡಿದು ಬಾಗಿಲಲ್ಲಿ ನಿಂತಳು. ಒಣಗಿದ ಮೇಲೆ ಎರಡು ಗೆರೆ ಕಂಡವು, ಒಂದು ಕಾಣಲಿಲ್ಲ. ಅದೇ ನಿನ್ನದು ಎಂದೆ. ಹಣೆಗೆ ಬೇಡ, ತೆಳ್ಳಗೆ ಹಚ್ಚು, ಹಚ್ಚಿಕೊಂಡು ಮೂರು ರೊಟ್ಟಿ ಬಡಿ ಎಂದೂ ಹೇಳಿದೆ. ಗ್ಯಾಸ್ ಒಲೆಯ ಮುಂದೆ ನಗುತ್ತ ನಗುತ್ತ ಬಡಿದಳು. ಆಕೆ ಬಡಿಯುವಷ್ಟು ಹೊತ್ತೂ ನಾನು ಬಳೆಚಾಚಿಯ ಕಥೆ ಹೇಳಿದೆ. ಸೀಸೆಯ ತಳದಲ್ಲಿ ಆ ಬಣ್ಣಕ್ಕೊಂದು ಹೆಸರು ಬರೆದಿತ್ತಂತೆ, ಓದಿ ಹೇಳಿದಳು, ನನಗೆ ನೆನಪಿಲ್ಲ. ಆಮೇಲೆ ಕೇಳಿದಳು, "ಆ ಚಾಚಿ ಹೆಸರೇನಜ್ಜಿ?"

ಗೊತ್ತಿಲ್ಲ ಎಂದೆ.

ಎಂದೂ ಕೇಳಲಿಲ್ಲವೇ ಎಂದಳು. ಕೇಳಿದವರು ಗದ್ವಾಲದ ಸೋದರತ್ತೆ ಒಬ್ಬರೇ. ಚಪ್ಪರದ ಕೆಳಗೆ ಅವರಿಗೆ ಆಕೆ ಹೇಳಲಿಲ್ಲ. ಹೊಸ್ತಿಲಲ್ಲಿ, ಹದಿನೈದು ದಿನ, ನನ್ನ ಮುಖ ಆಕೆಯ ಕೈಯಲ್ಲಿತ್ತು. ನಾನು ಕೇಳಿದ್ದರೆ ಹೇಳುತ್ತಿದ್ದಳು.